ಸ್ನಾನದ ನೀರಿಗೂ ಒಂದು ಕಾನೂನು

2025ರ ಜುಲೈ ತಿಂಗಳ ಒಂದು ಭಾನುವಾರ, ಬೆಳಗಿನ ಐದೂವರೆಗೆ, ಅಮ್ಮ ಬಚ್ಚಲುಮನೆಯಿಂದ ಕೂಗಿದರು: “ಏನಪ್ಪ, ನೀರಿನ್ನೂ ಕಾದಿಲ್ವಾ?” ತಿಪಟೂರಿನಿಂದ ಮೂರು ತಿಂಗಳ ಮಟ್ಟಿಗೆ ಮೆಲ್ಬರ್ನ್‌ಗೆ ಬಂದಿದ್ದ ಅವರಿಗೆ ಇಲ್ಲಿನ ಶವರ್ ಕೊನೆಗೂ ಒಗ್ಗಲಿಲ್ಲ, ಬಕೆಟ್ಟು, ಮಗ್ಗು ಮತ್ತು ಕೂರಲು ಒಂದು ಮಣೆ ಇದ್ದರೆ ಮಾತ್ರ ಅದು ಸ್ನಾನ. ಬಕೆಟ್ ತುಂಬಿ ಹರಿಯುತ್ತಿತ್ತು, ನೀರು ಮಾತ್ರ ಮಂಜುಗಡ್ಡೆಯಂತಿತ್ತು. ನಾನು ಟಾರ್ಚ್ ಹಿಡಿದು ಮನೆಯ ಪಕ್ಕದ ಓಣಿಗೆ ಹೋಗಿ ನೋಡಿದೆ. ಗೋಡೆಗೆ ನೇತುಹಾಕಿದ್ದ ಗ್ಯಾಸ್ ಗೀಸರಿನ ಪೆಟ್ಟಿಗೆಯ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು, ಒಳಗೆ ಉರಿ ಹತ್ತುವ ಸದ್ದೇ ಇರಲಿಲ್ಲ. ಹೊರಗೆ ಐದು ಡಿಗ್ರಿ ಚಳಿ.

ಸೋಮವಾರ ಬಂದ ಪ್ಲಂಬರ್ ಮುಚ್ಚಳ ಬಿಚ್ಚಿ ನೋಡಿ, ಒಳಗಿನ ತಾಮ್ರದ ಸುರುಳಿ ತೂತಾಗಿದೆ, ಹದಿಮೂರು ವರ್ಷದ ಪೆಟ್ಟಿಗೆಗೆ ರಿಪೇರಿಯ ಖರ್ಚು ದಂಡ ಎಂದರು. ಅವರು ನನ್ನ ಮುಂದಿಟ್ಟದ್ದು ಎರಡು ದಾರಿ. ಇಂಥದ್ದೇ ಇನ್ನೊಂದು ಗ್ಯಾಸ್ ಪೆಟ್ಟಿಗೆ ಅವರ ವ್ಯಾನಿನಲ್ಲೇ ಇದೆ. ಅದೇ ಮೊಳೆ, ಅದೇ ಕೊಳವೆ, ಎರಡು ಗಂಟೆಯ ಕೆಲಸ, ಮಧ್ಯಾಹ್ನದ ಹೊತ್ತಿಗೆ ಬಿಸಿನೀರು. ಹೊರಗಿನ ಗಾಳಿಯ ಶಾಖದಿಂದ ನೀರು ಕಾಯಿಸುವ ವಿದ್ಯುತ್ ಸಾಧನವಾದ ಹೀಟ್ ಪಂಪ್ ಬೇಕೆಂದರೆ ಟ್ಯಾಂಕ್ ತರಿಸಬೇಕು, ಕೆಳಗೆ ಕಾಂಕ್ರೀಟ್ ಹಾಸು ಬೇಕು, ಎಲೆಕ್ಟ್ರಿಷಿಯನ್ ಬಿಡುವು ನೋಡಿಕೊಂಡು ಬಂದು ಬೇರೆ ತಂತಿ ಎಳೆಯಬೇಕು. ಎಂಟು ಹತ್ತು ದಿನ ಹಿಡಿಯುತ್ತದೆ. ಕಟ್ಟಡಗಳ ನೀರು, ಒಳಚರಂಡಿ ಮತ್ತು ಗ್ಯಾಸ್ ಕೊಳವೆಗಳ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ದುಡಿಯುವ ನನಗೆ ಈ ಎರಡು ದಾರಿಗಳ ಅಂತರ ಕಾಗದದ ಮೇಲೆ ಚೆನ್ನಾಗಿ ಗೊತ್ತಿತ್ತು. ಒದ್ದೆ ಓಣಿಯಲ್ಲಿ ನಿಂತು, ಒಳಗೆ ಎಪ್ಪತ್ತು ದಾಟಿದ ತಾಯಿ ತಣ್ಣೀರಿನ ಬಕೆಟ್ಟಿನ ಮುಂದೆ ಕೂತಿರುವಾಗ ಅದನ್ನು ತೂಗುವುದು ಬೇರೆಯೇ ಅನುಭವ.

ಇದಕ್ಕೆ ಕೆಲವೇ ವಾರಗಳ ಹಿಂದೆ, ಜೂನ್ ತಿಂಗಳಲ್ಲಿ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸರ್ಕಾರ ಈ ಆಯ್ಕೆಯ ಬಗ್ಗೆಯೇ ಹೊಸ ನಿಯಮಗಳನ್ನು ಪ್ರಕಟಿಸಿತ್ತು. 2027ರ ಮಾರ್ಚ್ 1ರಿಂದ, ಈಗಿರುವ ಮನೆಗಳಲ್ಲಿ ಗ್ಯಾಸ್ ಗೀಸರ್ ಆಯುಸ್ಸು ಮುಗಿಸಿದರೆ ಅದರ ಜಾಗಕ್ಕೆ ವಿದ್ಯುತ್ತಿನ ಸಾಧನವೇ ಬರಬೇಕು. ರಿಪೇರಿಗೆ ಅಡ್ಡಿಯಿಲ್ಲ, ಚೆನ್ನಾಗಿರುವ ಗೀಸರನ್ನು ಯಾರೂ ಬಂದು ಕಿತ್ತುಕೊಂಡು ಹೋಗುವುದಿಲ್ಲ. 2027ರ ಜನವರಿ 1ರಿಂದ ಹೊಸ ಮನೆಗಳು ಗ್ಯಾಸ್ ಸಂಪರ್ಕವೇ ಇಲ್ಲದೆ ನಿಲ್ಲಬೇಕು. ಬಾಡಿಗೆ ಮನೆಗಳಲ್ಲಿ ಕೋಣೆ ಬೆಚ್ಚಗಿಡುವ ಗ್ಯಾಸ್ ಹೀಟರಿಗೂ ಇದೇ ಬಗೆಯ ನಿಯಮ ಅನ್ವಯಿಸುತ್ತದೆ. ಸ್ವಂತ ಮನೆಯವರನ್ನು ಆ ಹೀಟರಿನ ಮಟ್ಟಿಗೆ ಬಿಡಲಾಗಿದೆ. ಅಡುಗೆಯ ಗ್ಯಾಸ್ ಒಲೆಯನ್ನು ಮುಟ್ಟಿಲ್ಲ. ಪತ್ರಿಕೆಗಳಲ್ಲಿ ಒಲೆಯ ಮೇಲೆ ನಡೆದಷ್ಟು ಜಗಳ ಗೀಸರಿನ ಮೇಲೆ ನಡೆಯಲಿಲ್ಲ; ಒಲೆಯ ನೀಲಿ ಉರಿ ದಿನಾ ಕಣ್ಣಿಗೆ ಬೀಳುತ್ತದೆ, ಗೀಸರಿನ ಉರಿ ಗೋಡೆಯಾಚೆ ತಗಡಿನ ಪೆಟ್ಟಿಗೆಯೊಳಗೆ ಉರಿದು ಹೋಗುತ್ತದೆ. ಆದರೆ ಗ್ಯಾಸಿನ ಬಿಲ್ಲನ್ನು ಬೆಳೆಸುವುದು ಒಲೆಯಲ್ಲ, ಕೋಣೆಯ ಹೀಟರು ಮತ್ತು ಗೀಸರು.

ವಿಕ್ಟೋರಿಯಾದಲ್ಲಿ ಇದು ಯಾಕೆ ಇಷ್ಟು ದೊಡ್ಡ ಮಾತು ಎಂಬುದಕ್ಕೆ ಹಿನ್ನೆಲೆ ಬೇಕು. ಆಸ್ಟ್ರೇಲಿಯಾದ ರಾಜ್ಯಗಳಲ್ಲಿ ಗ್ಯಾಸಿಗೆ ಅತಿ ಹೆಚ್ಚು ಅಂಟಿಕೊಂಡ ರಾಜ್ಯ ಇದೇ. ಸುಮಾರು ಇಪ್ಪತ್ತು ಲಕ್ಷ ಮನೆ ಮತ್ತು ಅಂಗಡಿಗಳಿಗೆ ರಸ್ತೆಯಡಿಯ ಕೊಳವೆಯಿಂದ ಗ್ಯಾಸ್ ಬರುತ್ತದೆ. ರಾಜ್ಯದ ಹಸಿರುಮನೆ ಅನಿಲಗಳಲ್ಲಿ ಶೇ. 17ರಷ್ಟು ಗ್ಯಾಸ್ ವಲಯದ್ದೆಂದು ಸರ್ಕಾರವೇ ಲೆಕ್ಕ ಕೊಟ್ಟಿದೆ. 1965ರಲ್ಲಿ ರಾಜ್ಯದ ದಕ್ಷಿಣಕ್ಕಿರುವ ಬಾಸ್ ಜಲಸಂಧಿಯ ತಳದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ಅದಕ್ಕೆ ಮುಂಚೆ ಮೆಲ್ಬರ್ನ್ ಉರಿಸುತ್ತಿದ್ದದ್ದು ಕಲ್ಲಿದ್ದಲಿನಿಂದ ತೆಗೆದ ಅನಿಲ. ಎರಡೂ ಉರಿಯುವ ಬಗೆ ಬೇರೆಯಾದ್ದರಿಂದ ಹಳೆಯ ಬರ್ನರುಗಳಿಗೆ ಹೊಸ ಅನಿಲ ಹೊಂದುತ್ತಿರಲಿಲ್ಲ. 1969ರಿಂದ ಒಂದೊಂದೇ ಬಡಾವಣೆಯಂತೆ ಫಿಟ್ಟರುಗಳು ಮನೆಮನೆಗೆ ಹೋಗಿ ಒಲೆ, ಗೀಸರು, ಹೀಟರುಗಳ ಬರ್ನರ್ ಬದಲಿಸಿದರು. ಇಡೀ ನಗರದ ಉರಿಯನ್ನು ಬದಲಿಸುವುದು ಆಗದ ಮಾತು ಎಂದು ಈಗ ಹೇಳುವವರಿಗೆ ನಾನು ಈ ಕಥೆಯನ್ನು ನೆನಪಿಸುತ್ತೇನೆ. ಆ ಸಲ ಅಗ್ಗದ ಗ್ಯಾಸ್ ಸಿಗುತ್ತಿತ್ತು, ಈ ಸಲ ಜನ ಮೊದಲು ಕೈಯಿಂದ ಹಣ ಹಾಕಬೇಕು ಎಂಬ ವ್ಯತ್ಯಾಸವನ್ನೂ ಒಪ್ಪಿಕೊಳ್ಳುತ್ತೇನೆ.

ನಮ್ಮ ಬೀದಿಯ ಹಿರಿಯರೊಬ್ಬರಿಗೆ 1998ರ ಸೆಪ್ಟೆಂಬರ್ ಇನ್ನೂ ನೆನಪಿದೆ. ಆ ತಿಂಗಳ 25ರಂದು, ಬಾಸ್ ಜಲಸಂಧಿಯ ಅನಿಲ ಬಂದು ಸೇರುವ ಲಾಂಗ್‌ಫರ್ಡ್‌ನ ಗ್ಯಾಸ್ ಸಂಸ್ಕರಣಾ ಘಟಕ ಸ್ಫೋಟಿಸಿ ಇಬ್ಬರು ಕಾರ್ಮಿಕರು ಸತ್ತರು, ಎಂಟು ಮಂದಿ ಗಾಯಗೊಂಡರು. ಹೆಚ್ಚುಕಡಿಮೆ ಇಡೀ ರಾಜ್ಯಕ್ಕೆ ಎರಡು ವಾರದಷ್ಟು ಕಾಲ ಗ್ಯಾಸ್ ನಿಂತಿತು. ವಿದ್ಯುತ್ ಕೆಟಲಿನಲ್ಲಿ ಒಂದೊಂದೇ ಲೀಟರ್ ಕಾಯಿಸಿ ಮಕ್ಕಳಿಗೆ ಸ್ನಾನ ಮಾಡಿಸಿದ್ದನ್ನು ಅವರು ಕಥೆಯಂತೆ ಹೇಳುತ್ತಾರೆ. ಅಷ್ಟಾದರೂ ಆಮೇಲೆ ಎದ್ದ ಹೊಸ ಬಡಾವಣೆಗಳಿಗೆಲ್ಲ ಗ್ಯಾಸ್ ಕೊಳವೆಯೇ ಹೋಯಿತು. ಅದಕ್ಕೆ ಒಂದು ಕಾರಣ ಪ್ಲಂಬಿಂಗ್ ನಿಯಮಗಳಲ್ಲೇ ಇತ್ತು.

2005ರಿಂದ ಇಲ್ಲಿ ಹೊಸ ಮನೆ ಕಟ್ಟುವವರು ಎರಡರಲ್ಲಿ ಒಂದನ್ನು ಹಾಕಿಸಬೇಕಿತ್ತು: ಸೋಲಾರ್ ನೀರು ಹೀಟರ್, ಇಲ್ಲವೇ ಕನಿಷ್ಠ 2000 ಲೀಟರಿನ ಮಳೆನೀರಿನ ತೊಟ್ಟಿ, ಅದೂ 50 ಚದರ ಮೀಟರ್ ಚಾವಣಿಯ ನೀರು ಹಿಡಿದು ಶೌಚಾಲಯದ ಫ್ಲಶ್‌ಗೆ ಜೋಡಿಸಿದ ತೊಟ್ಟಿ. ನಮ್ಮ ಮನೆಗೆ ತೊಟ್ಟಿ ಬಂದಿದೆ, ಎದುರು ಮನೆಗೆ ಸೋಲಾರ್ ಬಂದಿದೆ. ಸೋಲಾರ್ ಆರಿಸಿಕೊಂಡರೆ, ಬೀದಿಯಲ್ಲಿ ಗ್ಯಾಸ್ ಕೊಳವೆ ಇರುವಲ್ಲಿ, ಮೋಡದ ದಿನದ ಸಹಾಯಕ್ಕೆ ಗ್ಯಾಸ್ ಬರ್ನರನ್ನೇ ಜೋಡಿಸಬೇಕು ಎಂಬ ಷರತ್ತಿತ್ತು. ಇದನ್ನು ಬರೆದವರನ್ನು ನಾನು ಹಳಿಯುವುದಿಲ್ಲ. ಆಗ ಈ ರಾಜ್ಯದ ವಿದ್ಯುತ್ತಿನ ಬಹುಪಾಲು ಲಾಟ್ರೋಬ್ ಕಣಿವೆಯ ಕಂದು ಕಲ್ಲಿದ್ದಲಿನಿಂದ ಬರುತ್ತಿತ್ತು. ನೀರು ತುಂಬಿದ, ಕಾವು ಕಡಿಮೆ ಇರುವ ಆ ಕಲ್ಲಿದ್ದಲಿನ ವಿದ್ಯುತ್ತಿಗೆ ಹೋಲಿಸಿದರೆ ಗ್ಯಾಸೇ ವಾಸಿ ಎಂಬುದು ಅಂದಿನ ಮಟ್ಟಿಗೆ ಸರಿಯಾದ ಲೆಕ್ಕ. ಲೆಕ್ಕ ಬದಲಾದ ಮೇಲೂ ಷರತ್ತು ಹಾಗೇ ಉಳಿದದ್ದು ತೊಂದರೆಯಾಯಿತು. ಮಾಲಿನ್ಯ ಇಳಿಸಲೆಂದು ಬರೆದ ಸಾಲು, ಒಂದು ತಲೆಮಾರಿನ ಮನೆಗಳನ್ನು ಗ್ಯಾಸ್ ಮೀಟರಿಗೆ ಕಟ್ಟಿಹಾಕುವ ಗೂಟವಾಯಿತು. 2022ರ ಜುಲೈನಲ್ಲಿ ಪ್ರಕಟವಾದ ರಾಜ್ಯದ ಗ್ಯಾಸ್ ಬದಲಿ ಯೋಜನೆ ಈ ಬಗೆಯ ಒಲವನ್ನು ನಿಯಮಗಳಿಂದ ತೆಗೆಯಲು ಹೊರಟಿತು. 2024ರ ಜನವರಿ 1ರಿಂದ, ಯೋಜನಾ ಪರವಾನಗಿ ಬೇಕಾದ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕ ನಿಂತಿತು. ಕ್ಯಾನ್‌ಬೆರಾ ಇರುವ ರಾಜಧಾನಿ ಪ್ರದೇಶ 2023ರ ಡಿಸೆಂಬರಿನಲ್ಲೇ ಹೊಸ ಗ್ಯಾಸ್ ಸಂಪರ್ಕಗಳಿಗೆ ತಡೆ ಹಾಕಿತ್ತು.

ಇನ್ನು ನಾನು ಓಣಿಯಲ್ಲಿ ನಿಂತು ಹಾಕಿದ ಲೆಕ್ಕ. ನಾಲ್ಕೈದು ಜನರ ಮನೆಗೆ ದಿನಕ್ಕೆ 200 ಲೀಟರ್ ಬಿಸಿನೀರು ಎಂದಿಟ್ಟುಕೊಳ್ಳೋಣ, ಅದನ್ನು 40 ಡಿಗ್ರಿಯಷ್ಟು ಏರಿಸಬೇಕು ಎನ್ನೋಣ. ಇದಕ್ಕೆ ನೀರೊಳಗೆ ಸೇರಬೇಕಾದ ಶಾಖ, ವಿದ್ಯುತ್ ಬಿಲ್ಲಿನ ಯೂನಿಟ್ಟಿನಲ್ಲಿ (ಕಿಲೋವ್ಯಾಟ್ ಗಂಟೆ) ಅಳೆದರೆ, ಸುಮಾರು 9.3 ಯೂನಿಟ್. ಶೇ. 80ರ ದಕ್ಷತೆಯ ಗ್ಯಾಸ್ ಪೆಟ್ಟಿಗೆ ಈ ಕೆಲಸಕ್ಕೆ 42 ಮೆಗಾಜೂಲ್ ಗ್ಯಾಸ್ ಉರಿಸುತ್ತದೆ, ಅದರಿಂದ 2.1 ಕಿಲೋ ಚಿಲ್ಲರೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಮ್ಮೂರಿನ ಗೀಸರಿನಂತೆ ಬರೀ ಕಾಯಿಲ್ ಇಟ್ಟು ವಿದ್ಯುತ್ತಿನಿಂದ ಕಾಯಿಸಿದರೆ 9.3 ಯೂನಿಟ್ಟೂ ತಂತಿಯಿಂದಲೇ ಬರಬೇಕು. ವಿಕ್ಟೋರಿಯಾದ ಒಂದು ಯೂನಿಟ್ಟಿಗೆ ಈಗಲೂ ಮುಕ್ಕಾಲು ಕಿಲೋದ ಆಸುಪಾಸು ಇಂಗಾಲದ ಡೈಆಕ್ಸೈಡ್ ಅಂಟಿಕೊಂಡಿರುವುದರಿಂದ ಇದು ಏಳು ಕಿಲೋ ಆಗುತ್ತದೆ. ಅಂದರೆ ಗ್ಯಾಸಿನ ಮೂರು ಪಟ್ಟು. ಹೀಟ್ ಪಂಪ್ ಶಾಖವನ್ನು ಉತ್ಪಾದಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೊತ್ತು ತಂದು ನೀರಿಗೆ ಇಳಿಸುತ್ತದೆ. ಫ್ರಿಜ್ಜಿನ ಹಿಂಬದಿಯನ್ನು ಮುಟ್ಟಿ ನೋಡಿದವರಿಗೆ ಈ ವಿದ್ಯೆ ಹೊಸದಲ್ಲ. ಚಳಿಗಾಲದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ತಂದರೂ ಅದಕ್ಕೆ ಬೇಕಾಗುವುದು 3.1 ಯೂನಿಟ್. ಮುಕ್ಕಾಲರಿಂದ ಗುಣಿಸಿ: 2.3 ಕಿಲೋ.

ಓದುಗರು ಇಲ್ಲಿ ನಿಂತು ಇನ್ನೊಮ್ಮೆ ನೋಡಬೇಕು. ಜುಲೈ ತಿಂಗಳ ರಾತ್ರಿ, ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ಓಡುವ ಹೀಟ್ ಪಂಪು ಗ್ಯಾಸಿಗಿಂತ ಕೂದಲೆಳೆಯಷ್ಟು ಹೆಚ್ಚೇ ಹೊಗೆಯಾಡುತ್ತದೆ. ಮಾರಾಟಗಾರರ ಕರಪತ್ರಗಳಲ್ಲಿ ಈ ಸಾಲು ಕಾಣಿಸುವುದಿಲ್ಲ. ಅದೇ ಪಂಪನ್ನು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ನಡುವೆ, ನೆರೆಹೊರೆಯ ಚಾವಣಿಗಳ ಸೌರಫಲಕಗಳು ಬೇಕಾದ್ದಕ್ಕಿಂತ ಹೆಚ್ಚು ವಿದ್ಯುತ್ ಚೆಲ್ಲುತ್ತಿರುವಾಗ ಓಡಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಗಾಳಿಯೂ ಆ ಹೊತ್ತಿನಲ್ಲಿ ಬೆಚ್ಚಗಿರುವುದರಿಂದ ಪಂಪಿನ ದುಡಿಮೆಯೂ ಹಗುರ. ಜೊತೆಗೆ, ಇಂದು ಹಾಕಿದ ಟ್ಯಾಂಕ್ ಹತ್ತು ಹದಿನೈದು ವರ್ಷ ನಿಲ್ಲುತ್ತದೆ. ಯಲೋರ್ನ್ ಕಲ್ಲಿದ್ದಲು ಸ್ಥಾವರ 2028ರಲ್ಲಿ ಮುಚ್ಚಬೇಕಿದೆ, ಲಾಯ್ ಯಾಂಗ್ ಎ 2035ರಲ್ಲಿ. ಅದೇ ವರ್ಷಕ್ಕೆ ಶೇ. 95ರಷ್ಟು ವಿದ್ಯುತ್ ನವೀಕರಿಸಬಲ್ಲ ಮೂಲಗಳಿಂದ ಬರಬೇಕೆಂಬುದು ರಾಜ್ಯದ ಗುರಿ. ಗ್ಯಾಸ್ ಪೆಟ್ಟಿಗೆಯ 2.1 ಕಿಲೋ ಮಾತ್ರ ಅದು ತುಕ್ಕು ಹಿಡಿಯುವ ದಿನದವರೆಗೂ 2.1 ಕಿಲೋ. ಬಾವಿಯಿಂದ ಬರ್ನರಿನವರೆಗೆ ಕೊಳವೆಯ ಕೀಲುಗಳಲ್ಲಿ ಸೋರುವ ಮೀಥೇನ್ ಇದಕ್ಕೆ ಸೇರಿಲ್ಲ. ಇಪ್ಪತ್ತು ವರ್ಷದ ಅಳತೆಯಲ್ಲಿ ಮೀಥೇನು ಇಂಗಾಲದ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟು ಮೀರಿ ಭೂಮಿಯನ್ನು ಬಿಸಿಮಾಡುತ್ತದೆ.

ಹಾಗಾಗಿ ನನ್ನ ಮುಖ್ಯ ತಕರಾರು ಇಷ್ಟೇ. “ಗ್ಯಾಸ್ ಬೇಡ, ವಿದ್ಯುತ್ ಬೇಕು” ಎಂದು ಬರೆದರೆ ಅರ್ಧ ನಿಯಮ ಬರೆದಂತೆ. ಯಾವ ಹೊತ್ತಿನಲ್ಲಿ ಕಾಯಿಸಬೇಕು ಎಂಬುದು ಉಳಿದರ್ಧ. ಬಿಸಿನೀರಿನ ಟ್ಯಾಂಕೆಂದರೆ ಅಗ್ಗದ ಬ್ಯಾಟರಿ; ಮಧ್ಯಾಹ್ನದ ಬಿಸಿಲನ್ನು ಮರುದಿನ ಬೆಳಗಿನ ಬಕೆಟ್ಟಿನವರೆಗೆ ಕಾಪಾಡಿಡಬಲ್ಲದು. ವಿಚಿತ್ರವೆಂದರೆ ಈ ರಾಜ್ಯಕ್ಕೆ ಟ್ಯಾಂಕುಗಳಿಗೆ ಸಮಯ ಗೊತ್ತುಮಾಡುವುದು ಹೊಸತೇನಲ್ಲ. ರಾತ್ರಿ ಬೇಡಿಕೆ ತಗ್ಗಿದರೂ ಆರಿಸಲಾಗದ ಕಲ್ಲಿದ್ದಲು ಸ್ಥಾವರಗಳ ವಿದ್ಯುತ್ತನ್ನು ಖಾಲಿ ಮಾಡಲೆಂದೇ ಹಳೆಯ ವಿದ್ಯುತ್ ಗೀಸರುಗಳನ್ನು ನಡುರಾತ್ರಿಯ ಅಗ್ಗದ ದರಕ್ಕೆ ಕಟ್ಟಿದ್ದರು. ಆ ಗಡಿಯಾರವನ್ನು ಹನ್ನೆರಡು ಗಂಟೆ ಮುಂದಕ್ಕೆ ತಿರುಗಿಸಿದರೆ ಸಾಕು. ಹೀಟ್ ಪಂಪುಗಳಲ್ಲಿ ಟೈಮರ್ ಇರುತ್ತದೆ, ಅದನ್ನು ಹಾಕಿಕೊಟ್ಟು ಹೋಗುವ ಹೊಣೆ ಮಾತ್ರ ಯಾರ ತಲೆಯ ಮೇಲೂ ಸರಿಯಾಗಿ ಬಿದ್ದಿಲ್ಲ. ಪ್ಲಂಬರಿಗೆ ಅದು ಎಲೆಕ್ಟ್ರಿಷಿಯನ್ನನ ಕೆಲಸ, ಎಲೆಕ್ಟ್ರಿಷಿಯನ್ನನಿಗೆ ಪ್ಲಂಬರನ ಕೆಲಸ, ಮನೆಯವರಿಗೆ ಎಂದೂ ತೆರೆಯದ ಕೈಪಿಡಿಯ ನಲವತ್ತನೆಯ ಪುಟ.

ಎರಡನೆಯ ತಕರಾರು ಆ ಸೋಮವಾರದ ಬೆಳಗಿನದು. ಗೀಸರುಗಳು ಹೇಳಿ ಕೇಳಿ ಸಾಯುವುದಿಲ್ಲ. ಬಹುಪಾಲು ಚಳಿಗಾಲದಲ್ಲೇ, ಹೆಚ್ಚು ದುಡಿಯುವಾಗಲೇ ಸಾಯುತ್ತವೆ. ಆ ಗಳಿಗೆಯಲ್ಲಿ ಗೆಲ್ಲುವುದು ಪ್ಲಂಬರನ ವ್ಯಾನಿನಲ್ಲಿರುವ ಪೆಟ್ಟಿಗೆ. ನಾನು ಹೀಟ್ ಪಂಪನ್ನೇ ಕೇಳಿದೆ. ಅದು ಬರಲು ಒಂಬತ್ತು ದಿನವಾಯಿತು. ಅಷ್ಟು ದಿನವೂ ಅಮ್ಮ ಒಲೆಯ ಮೇಲೆ ದೊಡ್ಡ ದಬರಿಯಲ್ಲಿ ನೀರು ಕಾಯಿಸಿ ಬಕೆಟ್ಟಿಗೆ ಸುರಿದುಕೊಂಡು, ಇದೇ ಸರಿಯಾದ ಪದ್ಧತಿ ಎಂಬಂತೆ ನೆಮ್ಮದಿಯಾಗಿದ್ದರು. ತಿಪಟೂರಿನ ಮನೆಯ ಹಿತ್ತಲ ಬಚ್ಚಲಿನಲ್ಲಿ ತಾಮ್ರದ ಹಂಡೆಯ ಕೆಳಗೆ ತೆಂಗಿನ ಗರಿ, ಮಟ್ಟೆ, ಕರಟ ಒಟ್ಟಿ ಉರಿ ಹಾಕಿದವರು ಅವರು. ಕೈಗೂಸಿರುವ ಮನೆಯೊಂದು, ಅಥವಾ ಮಾಲೀಕನ ಒಪ್ಪಿಗೆಗೆ ಕಾಯಬೇಕಾದ ಬಾಡಿಗೆದಾರರೊಬ್ಬರು ಒಂಬತ್ತು ದಿನ ಕಾಯಬೇಕೆಂದು ಕೇಳುವುದು ನ್ಯಾಯವಲ್ಲ. 2027ರ ಮಾರ್ಚಿನಲ್ಲಿ ನಿಯಮ ಜಾರಿಗೆ ಬಂದಾಗ ಅದರ ಪರೀಕ್ಷೆ ನಡೆಯುವುದು ಗೋದಾಮುಗಳಲ್ಲಿ: ಕೇಳಿದ ದಿನವೇ ಟ್ಯಾಂಕ್ ಸಿಗುತ್ತದೆಯೇ, ಬರುವ ತನಕ ತೂಗುಹಾಕಲು ಎರವಲು ಪೆಟ್ಟಿಗೆ ಇದೆಯೇ, ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಒಂದೇ ದಿನ ಬರುತ್ತಾರೆಯೇ?

ಜಾಗದ ವಿಷಯವೂ ಇದೆ. ಹಳೆಯ ಪೆಟ್ಟಿಗೆ ಇಪ್ಪತ್ತು ಕಿಲೋ ಒಳಗಿನದು, ಗೋಡೆಗೆ ಅಂಟಿಕೊಂಡಿತ್ತು. ಹೊಸ ಟ್ಯಾಂಕ್ 270 ಲೀಟರಿನದು. ನೀರು ತುಂಬಿದರೆ ಮುನ್ನೂರು ಕಿಲೋ ಮೀರುತ್ತದೆ. ನಮ್ಮ ಓಣಿಯ ಅಗಲ ಒಂದು ಮೀಟರ್. ಟ್ಯಾಂಕ್ ನಿಂತ ಮೇಲೆ ಕಸದ ಡಬ್ಬಿಯನ್ನು ಓರೆಮಾಡಿ ಎಳೆಯಬೇಕು. ಫ್ಯಾನಿನ ಸದ್ದು ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಗೆ ಹೋಗಬಾರದೆಂದು ಎರಡು ಮೀಟರ್ ಹಿಂದಕ್ಕೆ ಇಡಿಸಿದೆ. ಪಂಪು ಗಾಳಿಯಿಂದ ಹಿಂಡಿದ ತೇವ ತೊಟ್ಟಿಕ್ಕುತ್ತಲೇ ಇರುತ್ತದೆ, ಅದನ್ನು ಅಡಿಪಾಯದ ಬುಡಕ್ಕೆ ಬಿಡುವಂತಿಲ್ಲ, ಸಣ್ಣ ಕೊಳವೆಯಿಂದ ಚರಂಡಿಗೆ ಮುಟ್ಟಿಸಬೇಕು. ಒತ್ತಡ ಹೆಚ್ಚಾದಾಗ ಬಿಸಿನೀರು ಕಾರುವ ಸುರಕ್ಷತಾ ವಾಲ್ವಿನ ಕೊಳವೆಯೂ ಹಾಗೆಯೇ. ಗ್ಯಾಸ್ ಪೆಟ್ಟಿಗೆಗೆ ಇವೆರಡರ ಗೊಡವೆಯೇ ಇರಲಿಲ್ಲ.

ಹವಾಮಾನಕ್ಕಾಗಿ ನಿಯಮ ಬದಲಿಸುವಾಗ ಯಾವುದನ್ನು ಸಡಿಲಿಸಬಾರದು ಎಂಬುದಕ್ಕೂ ಬಿಸಿನೀರು ಒಳ್ಳೆಯ ಉದಾಹರಣೆ. ಇಂಧನ ಉಳಿಸಲು ಟ್ಯಾಂಕಿನ ನೀರನ್ನು 45 ಡಿಗ್ರಿಗೆ ಇಟ್ಟರೆ ಹೇಗೆ ಎಂದು ಕಚೇರಿಗೆ ಬರುವ ಗ್ರಾಹಕರು ಕೇಳುವುದುಂಟು. ಬೆಚ್ಚಗಿನ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದು, ತುಂತುರಿನ ಮೂಲಕ ಶ್ವಾಸಕೋಶ ಸೇರಿ ನ್ಯುಮೋನಿಯಾ ತರುತ್ತದೆ. ಅದಕ್ಕೇ ಆಸ್ಟ್ರೇಲಿಯಾದಲ್ಲಿ ಪ್ಲಂಬರುಗಳು ಕೈಗೆತ್ತಿಕೊಳ್ಳುವ ಎಎಸ್/ಎನ್‌ಝಡ್‌ಎಸ್ 3500 ಮಾನದಂಡ, ಕೂಡಿಟ್ಟ ನೀರು 60 ಡಿಗ್ರಿಗೆ ಕಾಯಬೇಕೆನ್ನುತ್ತದೆ. ಬಚ್ಚಲುಮನೆಗೆ ಬರುವಾಗ ಮೈ ಸುಡದಂತೆ ತಣ್ಣೀರು ಬೆರೆಸಿ 50 ಡಿಗ್ರಿ ಮೀರದಂತೆ ತಡೆಯುವ ವಾಲ್ವ್ ಇರಬೇಕೆನ್ನುತ್ತದೆ. ಹೀಟ್ ಪಂಪಿಗೆ 60ರ ಮಟ್ಟ ಮುಟ್ಟುವುದು ಗ್ಯಾಸಿನಷ್ಟು ಸಲೀಸಲ್ಲ, ಕೊನೆಯ ಹತ್ತು ಡಿಗ್ರಿಗೆ ಅದು ಏದುಸಿರು ಬಿಡುತ್ತದೆ. ಬಿಡಲಿ. ಹೊಗೆ ಇಳಿಸಲು ಹೋಗಿ ಆಸ್ಪತ್ರೆ ತುಂಬಿಸುವ ನಿಯಮ ಯಾರಿಗೂ ಬೇಡ.

ಉಳಿತಾಯ ಮಾಡಬೇಕಾದ ಜಾಗ ಕೊಳವೆ. ಅಮ್ಮನ ಬಕೆಟ್ಟಿನಿಂದಲೇ ನಾನು ಇದನ್ನು ಅಳೆದಿದ್ದೆ. ಹಳೆಯ ಪೆಟ್ಟಿಗೆಯಿಂದ ಬಚ್ಚಲುಮನೆಗೆ ಕೊಳವೆ ಸುಮಾರು ಹದಿನೈದು ಮೀಟರ್. ಇಪ್ಪತ್ತು ಮಿಲಿಮೀಟರಿನ ತಾಮ್ರದ ಕೊಳವೆಯಲ್ಲಿ ಮೀಟರಿಗೆ ಕಾಲು ಲೀಟರಿಗೆ ಸ್ವಲ್ಪ ಕಡಿಮೆ ನೀರು ನಿಂತಿರುತ್ತದೆ. ನಲ್ಲಿ ತಿರುಗಿಸಿದರೆ ಮೊದಲು ಆ ತಣ್ಣೀರು ಹೊರಬರಬೇಕು, ಜೊತೆಗೆ ಬರ್ನರ್ ಹೊತ್ತಿಕೊಳ್ಳುವ ತನಕದ ನೀರೂ ಸೇರಬೇಕು. ಬೆಚ್ಚಗಾಗುವಷ್ಟರಲ್ಲಿ ಬಕೆಟ್ಟಿನಲ್ಲಿ ಆರು ಲೀಟರ್ ನಿಂತಿತ್ತು. ಸ್ನಾನ ಮುಗಿದಾಗ ಅಷ್ಟೇ ಉದ್ದದ ಬಿಸಿನೀರು ಕೊಳವೆಯೊಳಗೇ ಉಳಿದು ಗೋಡೆಯನ್ನು ಕಾಯಿಸುತ್ತ ತಣ್ಣಗಾಗುತ್ತದೆ. ಕೊಳವೆಗೆ ನಿರೋಧಕ ಕವಚ ಹಾಕು, ಗೀಸರನ್ನು ಬಚ್ಚಲಿನ ಹತ್ತಿರ ಇಡು, ಶವರಿನಿಂದ ನಿಮಿಷಕ್ಕೆ ಒಂಬತ್ತು ಲೀಟರಿಗಿಂತ ಹೆಚ್ಚು ಬಿಡಬೇಡ ಎಂಬ ನಿಯಮಗಳು ಸುದ್ದಿಯಾಗುವುದಿಲ್ಲ. ಯಾವ ಇಂಧನವಿದ್ದರೂ ಅವು ದುಡಿಯುತ್ತವೆ. ಬೆಂಗಳೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ ಇದರ ವಿರುದ್ಧದ ಪಾಠ ಸಿಕ್ಕಿತ್ತು. ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿ ಕರ್ನಾಟಕ 2007ರಲ್ಲೇ ಆದೇಶ ಹೊರಡಿಸಿತ್ತು, ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯ ರಿಯಾಯಿತಿಯೂ ಇತ್ತು; ಈ ವಿಷಯದಲ್ಲಿ ನಾವು ಯಾರಿಗೂ ಹಿಂದಿರಲಿಲ್ಲ. ನಮ್ಮ ಕಟ್ಟಡದ ತಾರಸಿಯ ಮೇಲೂ ಸೋಲಾರ್ ಹೊಳೆಯುತ್ತಿತ್ತು. ಅಲ್ಲಿಂದ ನೆಲಮಹಡಿಯ ನಮ್ಮ ಬಚ್ಚಲಿಗೆ ಕವಚವಿಲ್ಲದ ಕೊಳವೆ ಹೊರಗೋಡೆಯ ಮೇಲೆ ಇಳಿದು ಬಂದಿತ್ತು. ಬಿಸಿನೀರು ಬರಲು ಎರಡು ಬಕೆಟ್ ತಣ್ಣೀರು ಚೆಲ್ಲಬೇಕಾಗಿದ್ದರಿಂದ ಎಲ್ಲರೂ ವಿದ್ಯುತ್ ಗೀಸರಿನ ಗುಂಡಿ ಒತ್ತುತ್ತಿದ್ದರು. ಹೀಟರ್ ಇದೆಯೇ ಎಂದು ನೋಡಿದ ನಿಯಮ, ಬಿಸಿನೀರು ಬಚ್ಚಲಿಗೆ ಬಿಸಿಯಾಗಿ ತಲುಪುತ್ತದೆಯೇ ಎಂದು ನೋಡಲಿಲ್ಲ.

ಅದೇ ಬೆಂಗಳೂರಿನ ರಸ್ತೆಗಳನ್ನು ಈಗ ಅಡುಗೆ ಗ್ಯಾಸಿನ ಕೊಳವೆಗಾಗಿ ಅಗೆಯುತ್ತಿದ್ದಾರೆ. ನಾವಿಲ್ಲಿ ಕೊಳವೆ ಕೀಳುವ ಮಾತಾಡುತ್ತಿರುವಾಗ ಅಲ್ಲಿ ಹಾಕುತ್ತಿರುವುದನ್ನು ಕಂಡು ನಗುವ ಗೆಳೆಯರಿದ್ದಾರೆ. ನಾನು ನಗುವುದಿಲ್ಲ, ಅಲ್ಲಿ ಅದು ಸಿಲಿಂಡರಿನ ಬದಲಿಗೆ ಬರುತ್ತಿದೆ, ಕೋಣೆಗಳನ್ನು ಆರು ತಿಂಗಳು ಬಿಸಿಮಾಡಲು ಅಲ್ಲ. ಆದರೆ ಅಡುಗೆಗೆಂದು ಬಂದ ಕೊಳವೆಗೆ ಬಚ್ಚಲಿನ ಗೀಸರನ್ನೂ ಜೋಡಿಸುವ ಮುಂಚೆ ವಿಕ್ಟೋರಿಯಾದ ಇಪ್ಪತ್ತು ಲಕ್ಷ ಮೀಟರುಗಳ ಕಡೆ ಒಮ್ಮೆ ನೋಡುವುದು ಒಳ್ಳೆಯದು.

ಹೀಟ್ ಪಂಪಿನ ಹೊಟ್ಟೆಯೊಳಗೂ ಶಾಖ ಹೊತ್ತು ತರುವ ಒಂದು ಅನಿಲವಿದೆ, ಅದನ್ನು ಶೀತಕ ಎನ್ನುತ್ತಾರೆ, ಅದರ ಮಾತು ಬಿಟ್ಟರೆ ಲೆಕ್ಕ ಪ್ರಾಮಾಣಿಕವಲ್ಲ. ಆರ್134ಎ ಎಂಬ ಶೀತಕದ ಒಂದು ಕಿಲೋ ಸೋರಿದರೆ ಸುಮಾರು 1.4 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ನಮ್ಮ ಹಳೆಯ ಗ್ಯಾಸ್ ಪೆಟ್ಟಿಗೆಯ ಎರಡು ವರ್ಷ ಸಮೀಪದ ಹೊಗೆ ಒಂದೇ ಸಲ ಹೋದಂತೆ. ಹಾಗಾಗಿ ನಾನು ಆರ್290 ಇರುವುದನ್ನು ಆರಿಸಿದೆ. ಇದು ಮತ್ತೇನಲ್ಲ, ಪ್ರೊಪೇನ್; ಸಿಲಿಂಡರಿನಲ್ಲಿ ಬರುವ ಉರಿಯುವ ಅನಿಲದ ಬಳಗದ್ದೇ. ಗ್ಯಾಸನ್ನು ಮನೆಯಿಂದ ಹೊರಹಾಕಲು ಹೊರಟವನು ಕೆಲವು ನೂರು ಗ್ರಾಂ ಗ್ಯಾಸನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಮರಳಿ ತಂದಿಟ್ಟುಕೊಂಡೆ ಎಂದು ಪ್ಲಂಬರ್ ತಮಾಷೆ ಮಾಡಿದರು. ಅವರು ಮೂವತ್ತು ವರ್ಷದಿಂದ ಗ್ಯಾಸ್ ಫಿಟ್ಟಿಂಗ್ ಮಾಡಿ ಸಂಸಾರ ಸಾಗಿಸಿದವರು. ಈ ನಿಯಮ ತಮ್ಮ ಅರ್ಧ ಕಸುಬನ್ನು ಎಲೆಕ್ಟ್ರಿಷಿಯನ್ನನಿಗೆ ಬರೆದುಕೊಡುತ್ತದೆ ಎಂಬ ಅಸಮಾಧಾನ ಆ ತಮಾಷೆಯ ಅಡಿಯಲ್ಲಿತ್ತು. ಕೊಳವೆ ಕೂಡಿಸುವುದು, ವಾಲ್ವ್ ಕೂರಿಸುವುದು, ಹಳೆಯ ಗ್ಯಾಸ್ ಬಾಯಿಗೆ ಬಿರಡೆ ಬಿಗಿಯುವುದು ಇನ್ನೂ ಅವರದೇ ಕೆಲಸ ಎಂದೆ. ಹೌದು ಎಂದರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಒಂಬತ್ತನೆಯ ದಿನ ಟ್ಯಾಂಕ್ ಬಂತು. ರಾಜ್ಯದ ಇಂಧನ ಉಳಿತಾಯ ಯೋಜನೆಯ ರಿಯಾಯಿತಿ ಬಿಲ್ಲಿನಲ್ಲೇ ಕಳೆದು ಹೋಯಿತು. ಹಳೆಯ ಗ್ಯಾಸ್ ಕೊಳವೆಯ ತುದಿಗೆ ಹಿತ್ತಾಳೆಯ ಬಿರಡೆ ಬಿಗಿದು, ಒತ್ತಡ ಏರಿಸಿ, ಸೂಜಿ ಅಲ್ಲಾಡದೆ ನಿಂತದ್ದನ್ನು ಪ್ಲಂಬರ್ ನನಗೆ ತೋರಿಸಿದರು. 750 ಡಾಲರ್ ಮೀರಿದ ಪ್ಲಂಬಿಂಗ್ ಕೆಲಸಕ್ಕೂ, ಎಷ್ಟೇ ಸಣ್ಣದಾದ ಗ್ಯಾಸ್ ಕೆಲಸಕ್ಕೂ ಇಲ್ಲಿ ಅನುಸರಣೆಯ ಪ್ರಮಾಣಪತ್ರ ಕೊಡಲೇಬೇಕು. ಬಿರಡೆ ಬಿಗಿಯುವುದೂ ಗ್ಯಾಸ್ ಕೆಲಸವೇ. ಎಲೆಕ್ಟ್ರಿಷಿಯನ್ ತಮ್ಮದೊಂದು ಬೇರೆ ಸುರಕ್ಷತಾ ಪತ್ರ ಕೊಟ್ಟರು. ಒಂದು ಟ್ಯಾಂಕಿಗೆ ಎರಡು ಪತ್ರ, ಎರಡರಲ್ಲೂ ಟೈಮರಿನ ಸುದ್ದಿ ಇರಲಿಲ್ಲ. ಅದನ್ನು ನಾನೇ ಬೆಳಗ್ಗೆ ಹತ್ತರಿಂದ ಮೂರಕ್ಕೆ ಹೊಂದಿಸಿದೆ.

ಗ್ಯಾಸ್ ಮೀಟರ್ ಇನ್ನೂ ಮುಂಬಾಗಿಲ ಪಕ್ಕದಲ್ಲಿದೆ, ಏಕೆಂದರೆ ದೋಸೆಯ ಒಲೆ ಇನ್ನೂ ಅದರ ಮೇಲಿದೆ. ಒಲೆಗೆ ಬೇಕಾಗುವ ಚಿಟಿಕೆ ಗ್ಯಾಸಿಗಾಗಿ ದಿನದಿನದ ಸಂಪರ್ಕ ಶುಲ್ಕವನ್ನು ಪೂರ್ತಿ ಕಟ್ಟುತ್ತಿದ್ದೇನೆ. ಸಂಪರ್ಕವನ್ನು ಬೀದಿಯಿಂದಲೇ ಕಡಿಸಿಹಾಕಲು ಮನೆಯವರಿಂದ 220 ಡಾಲರ್ ಮಾತ್ರ ವಸೂಲು ಮಾಡಬೇಕೆಂದು ನಿಯಂತ್ರಕರು ಮಿತಿ ಹಾಕಿದ್ದರು. ನಿಜವಾದ ಖರ್ಚು ಅದರ ಹಲವು ಪಟ್ಟು. ಉಳಿದದ್ದು ಗ್ಯಾಸಿನಲ್ಲೇ ಉಳಿದವರ ಬಿಲ್ಲಿಗೆ ಹಂಚಿಹೋಗುತ್ತಿತ್ತು. ಹೊರಡಲು ಶಕ್ತಿಯಿರುವವರು ಹೊರಟ ಮೇಲೆ ಕೊನೆಗೆ ಆ ಕೊಳವೆಯ ಭಾರ ಹೊರುವವರು ಬಾಡಿಗೆದಾರರು ಮತ್ತು ಬಡವರು ಎಂಬ ಪ್ರಶ್ನೆಗೆ ಪ್ಲಂಬಿಂಗ್ ನಿಯಮದಲ್ಲಿ ಉತ್ತರವಿಲ್ಲ, ಬೇರೆ ಯಾವ ನಿಯಮದಲ್ಲೂ ನನಗೆ ಇನ್ನೂ ಕಂಡಿಲ್ಲ.

ಮರುದಿನ ಐದೂವರೆಗೆ ಅಮ್ಮ ಬಕೆಟ್ಟಿಗೆ ಕೈಯಿಟ್ಟು ನೋಡಿದರು. ನೀರು ಹಬೆಯಾಡುತ್ತಿತ್ತು. ಗೋಡೆಯಾಚೆ ಸದ್ದಿಲ್ಲದ್ದು ಅವರಿಗೆ ಅನುಮಾನ ತಂದಿತು.

“ಈಗ ಉರೀತಾ ಇಲ್ವಲ್ಲೋ. ಯಾವಾಗ ಕಾಸಿದ್ದು ಇದು?”

“ನಿನ್ನೆ ಮಧ್ಯಾಹ್ನ ಅಮ್ಮ, ಬಿಸಿಲಿದ್ದಾಗ.”

“ಹಂಗಾದ್ರೆ ತಂಗಳು ನೀರು ಅನ್ನು,” ಎಂದು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮಗ್ಗಿನ ಸದ್ದು ಶುರುವಾಯಿತು. ಎರಡನೆಯ ಬಕೆಟ್ಟಿಗೂ ನಲ್ಲಿ ತಿರುಗಿಸಿದ್ದು ಕೇಳಿಸಿತು.